ವಿಶೇಷ ವಿವಾಹಕ್ಕೆ 30 ದಿನಗಳ ನೋಟಿಸ್
ಕೃಷ್ಣರಾಜಪುರ: ಮತಾಂತರವಿಲ್ಲದೆ ಅಂತರಧರ್ಮೀಯ ವಿವಾಹವಾಗಲು ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ನೋಟಿಸ್‌ಗೆ ಮುನ್ನ ವಧೂವರರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು. ಬಳಿಕ ವಿವಾಹಾಧಿಕಾರಿಯು ನೋಟಿಸನ್ನು ಕಚೇರಿಯಲ್ಲಿ ಪ್ರಕಟಿಸಿ, ಆಕ್ಷೇಪಣೆಗಾಗಿ ಮತ್ತೆ 30 ದಿನ ಕಾಯುತ್ತಾರೆ.

ಉದ್ಯೋಗಕ್ಕೆಂದು ಪರಊರಿನಿಂದ ಬಂದು ಕೆ.ಆರ್. ಪುರ, ವೈಟ್‌ಫೀಲ್ಡ್ ಸುತ್ತ ನೆಲೆಸಿದವರಿಗೆ ತೊಡಕಿರುವುದು ಇಲ್ಲಿಯೇ. ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸ್‌ನ ಪ್ರತಿ ಅಲ್ಲಿನ ವಿವಾಹಾಧಿಕಾರಿಗೂ ಹೋಗಿ, ಅಲ್ಲಿಯೂ ಪ್ರಕಟವಾಗುತ್ತದೆ. ಮನೆಯವರಿಗೆ ಹೆದರಿ ಬಂದ ಜೋಡಿಗೆ ಇದು ಸಣ್ಣ ಮಾತಲ್ಲ.

ಪ್ರಕಟಣೆಯು ಜೋಡಿಯ ಇಚ್ಛೆಗೆ ಬಿಟ್ಟದ್ದೆಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಕಾಯ್ದೆಯ ಒಕ್ಕಣೆ ಮಾತ್ರ ಬದಲಾಗಲಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ಆನ್‌ಲೈನ್ ನೋಂದಣಿ ಬಂದದ್ದು ಹಿಂದೂ ವಿವಾಹಗಳಿಗೆ. ವಿವಾಹ ವಿಷಯವು ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೂ ತಿದ್ದುಪಡಿ ತರಬಹುದು.

ನೋಟಿಸ್ ನೀಡಿದ ಮೂರು ತಿಂಗಳೊಳಗೆ ವಿವಾಹ ನಡೆಯದಿದ್ದರೆ ಹೊಸ ನೋಟಿಸ್ ಕೊಡಬೇಕು. ವಿವಾಹದ ದಿನ ಮೂವರು ಸಾಕ್ಷಿಗಳ ಸಹಿ ಕಡ್ಡಾಯ.