ಶಿಶುನಾಳ ಶರೀಫರ ತತ್ವಪದಗಳ ಮರುಸಂಯೋಜನೆ

ಸಂತ ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ಬೇರೆ ಬೇರೆ ಕಾಲದ ಗಾಯಕರು ಹೊಸ ರಾಗ ಹಾಗೂ ವಾದ್ಯಗಳೊಂದಿಗೆ ಮರುಸಂಯೋಜಿಸಿ ಹಾಡಿದ್ದಾರೆ. ಶರೀಫರು ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದವರು; ಕಳಸದ ಗೋವಿಂದಭಟ್ಟರು ಇವರ ಗುರುಗಳು.

ಹಿನ್ನೆಲೆ
ತತ್ವಪದಗಳು ಬಾಯಿಂದ ಬಾಯಿಗೆ ಹರಡಿದವು. ಬೀದರ, ಕಲಬುರಗಿ ಸೇರಿದಂತೆ ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ ಮತ್ತು ತಾಳಗಳೊಂದಿಗೆ ಇವನ್ನು ಹಾಡುವ ರೂಢಿಯಿದೆ.

ಸುಗಮ ಸಂಗೀತದಲ್ಲಿ
ಸಿ. ಅಶ್ವತ್ಥ್ (1939–2009) ಇವುಗಳಿಗೆ ರಾಗ ಸಂಯೋಜಿಸಿ ಹಾಡಿದರು. ಟಿ. ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (1990) ಚಲನಚಿತ್ರಕ್ಕೂ ಅವರದೇ ಸಂಗೀತ. ಧ್ವನಿಸುರುಳಿ ಮತ್ತು ಚಿತ್ರಗಳ ಮೂಲಕ ಈ ಪದಗಳು ನಾಡಿನಾದ್ಯಂತ ಪರಿಚಿತವಾದವು.

ಸಮಕಾಲೀನ ಸಂಗೀತದಲ್ಲಿ
ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್, 2008ರಲ್ಲಿ ಬಿಡುಗಡೆಯಾದ ತಮ್ಮ ತಂಡದ ಮೊದಲ ಆಲ್ಬಮ್‌ನಲ್ಲಿ ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಪದಗಳನ್ನು ಗಿಟಾರ್, ಪಿಟೀಲು ಮತ್ತು ಡ್ರಮ್ಸ್‌ಗಳೊಂದಿಗೆ ಹಾಡಿದರು. ಅವರ ತಂಡವು ಕನ್ನಡ ಗೀತೆಗಳನ್ನು ವಿದೇಶಿ ವೇದಿಕೆಗಳಿಗೂ ಒಯ್ದಿತು.

ಅರ್ಥ ಮತ್ತು ಸಂಯೋಜನೆ
ಮೊದಲ ಪದ ಹೊರನೋಟಕ್ಕೆ ಹುಕ್ಕಾ ಸೇದುವ ಹಾಡು. ಒಳಗೆ ದೇಹವನ್ನೇ ಗುಡುಗುಡಿಯಾಗಿ ಕಾಣುವ ರೂಪಕ. ಎರಡನೆಯದರಲ್ಲಿ ಸೋರುವ ಮನೆಯು ಅಜ್ಞಾನದಿಂದ ಶಿಥಿಲವಾದ ಮನುಷ್ಯನನ್ನು ಸೂಚಿಸುತ್ತದೆ. ಇಂಥ ರೂಪಕಗಳು ನುಡಿಯಿಂದ ನುಡಿಗೆ ಬಿಚ್ಚಿಕೊಳ್ಳುತ್ತವೆ. ‘ಶಿಶುನಾಳಧೀಶ’ ಎಂಬ ಅಂಕಿತ ಕೊನೆಯ ನುಡಿಯಲ್ಲಿ ಬರುತ್ತದೆ. ಆದ್ದರಿಂದ ವಾದ್ಯಗಳು ಬದಲಾದರೂ ಪದ ಉಳಿಯುತ್ತದೆ. ನುಡಿಗಳನ್ನು ಕೈಬಿಟ್ಟು ಪಲ್ಲವಿಯನ್ನಷ್ಟೇ ಮರಳಿ ಮರಳಿ ಹಾಡಿದರೆ ತತ್ವ ಮರೆಯಾಗಿ ರಾಗವಷ್ಟೇ ಉಳಿಯುತ್ತದೆ.