ಕರೆಯುವುದು ಎಂದರೆ: ‘ದಅ್‌ವತ್’ ಪದದ ಇತಿಹಾಸ

ನಮ್ಮ ಮನೆಗಳಲ್ಲಿ ‘ದಾವತ್’ ಎಂದರೆ ಔತಣದೂಟ. ಮಸೀದಿಯಲ್ಲಿ ‘ದಅ್‌ವತ್’ ಎಂದರೆ ಸತ್ಯಸಂದೇಶ ತಲುಪಿಸುವುದು. ಎರಡೂ ಒಂದೇ ಪದ ಎಂಬುದು ಎಷ್ಟೋ ಮಂದಿಗೆ ಹೊಳೆದಿರುವುದಿಲ್ಲ. ಅರಬಿಯ ದಾಲ್, ಐನ್, ವಾವ್ ಎಂಬ ಮೂರು ಅಕ್ಷರಗಳ ಧಾತುವಿನಿಂದ ಹುಟ್ಟಿದ ಪದವಿದು. ಮೂಲಾರ್ಥ ಕರೆಯುವುದು. ದಾಸನು ತನ್ನ ಪ್ರಭುವನ್ನು ಕರೆದರೆ ಅದು ‘ದುಆ’. ಅಝಾನ್ ಮುಗಿದ ಬಳಿಕ ನಾವು ಹೇಳುವ ದುಆದಲ್ಲಿ ಆ ಅಝಾನನ್ನೇ ಪರಿಪೂರ್ಣ ದಅ್‌ವತ್ ಎನ್ನಲಾಗಿದೆ. ಇದೇ ಧಾತುವಿನ ಇನ್ನೊಂದು ಪದ ಪಾರ್ಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದು ‘ದಾವೆ’ ಆಯಿತು. ದಾವೆ ಹೂಡಿದರೆ ಎದುರುಪಕ್ಷದವರು ಕೋರ್ಟಿಗೆ ಬರಲೇಬೇಕು. ದಾವತ್‌ಗೆ ಕರೆದರೆ ಹಾಗಲ್ಲ, ಬಾರದಿರುವ ಅವಕಾಶ ಕರೆಸಿಕೊಂಡವನ ಕೈಯಲ್ಲೇ ಇರುತ್ತದೆ. ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು ಇತಿಹಾಸವನ್ನು ಓದಿದರೆ ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಆಪ್ತ ಬಂಧುಗಳನ್ನು ಎಚ್ಚರಿಸಬೇಕೆಂಬ ಆಜ್ಞೆ ಸೂರಃ ಅಶ್ಶುಅರಾದಲ್ಲಿ ಬಂದಾಗ ಪ್ರವಾದಿವರ್ಯರು(ಸ) ಮಾಡಿದ್ದೇನು? ಇತಿಹಾಸಕಾರ ತಬರಿಯ ವರದಿಯಂತೆ, ಅಡುಗೆ ಮಾಡಿಸಿ ಬಂಧುಗಳನ್ನು ಊಟಕ್ಕೆ ಕರೆದರು. ಸುಮಾರು 40 ಮಂದಿ ಬಂದರು. ಊಟವಾದ ಮೇಲೆ ಮಾತು ಆರಂಭವಾಗುವ ಮುನ್ನವೇ ಅಬೂಲಹಬ್ ಸಭೆಯನ್ನು ಎಬ್ಬಿಸಿಬಿಟ್ಟ. ಪ್ರವಾದಿವರ್ಯರು(ಸ) ಯಾರನ್ನೂ ತಡೆಯಲಿಲ್ಲ. ಮತ್ತೊಂದು ದಿನ ಮತ್ತೆ ಅಡುಗೆಯಾಯಿತು, ಮತ್ತೆ ಕರೆ ಹೋಯಿತು. ದಾವತ್ ಮತ್ತು ದಅ್‌ವತ್ ಅಂದು ಒಂದೇ ಸುಫ್ರಾದಲ್ಲಿದ್ದವು.

ಈ ಪದದ ನಿಜವಾದ ಅರ್ಥ ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಮುಸ್ಅಬ್ ಬಿನ್ ಉಮೈರ್(ರ) ಅವರ ಘಟನೆಯಲ್ಲಿ. ಕ್ರಿ.ಶ. 621ರಲ್ಲಿ, ಅಕಬಾದ ಮೊದಲ ಪ್ರತಿಜ್ಞೆಯ ಬಳಿಕ, ಅವರನ್ನು ಯಸ್ರಿಬ್‌ಗೆ ಕಳುಹಿಸಲಾಯಿತು. ಅಲ್ಲಿ ಅವರು ಅಸ್ಅದ್ ಬಿನ್ ಝುರಾರಾ(ರ) ಅವರ ಮನೆಯಲ್ಲಿ ಅತಿಥಿ. ಒಂದು ದಿನ ಇಬ್ಬರೂ ಒಂದು ತೋಟದಲ್ಲಿ ಕುಳಿತಿದ್ದಾಗ ಆ ಕಡೆಯ ಗೋತ್ರದ ಮುಖಂಡ ಉಸೈದ್ ಬಿನ್ ಹುಝೈರ್ ಈಟಿ ಹಿಡಿದು ಬಂದರು. ನಮ್ಮ ಪೈಕಿ ದುರ್ಬಲರ ತಲೆ ಕೆಡಿಸುತ್ತೀರಾ, ಜೀವದ ಆಸೆ ಇದ್ದರೆ ಹೊರಡಿ ಎಂದು ಗದರಿದರು. ಮುಸ್ಅಬ್(ರ) ವಾದಕ್ಕಿಳಿಯಲಿಲ್ಲ. ಸ್ವಲ್ಪ ಕುಳಿತು ಕೇಳಿ, ಇಷ್ಟವಾದರೆ ಸ್ವೀಕರಿಸಿ, ಇಷ್ಟವಾಗದಿದ್ದರೆ ನಿಮಗೆ ಬೇಡವಾದುದನ್ನು ನಾವು ನಿಲ್ಲಿಸುತ್ತೇವೆ ಎಂಬರ್ಥದ ಮಾತಾಡಿದರು. ಇದು ನ್ಯಾಯದ ಮಾತು ಎನ್ನುತ್ತಾ ಉಸೈದ್ ಈಟಿಯನ್ನು ನೆಲಕ್ಕೆ ನೆಟ್ಟು ಕುಳಿತರು. ಎದ್ದಾಗ ಮುಸ್ಲಿಮರಾಗಿದ್ದರು. ಅವರ ಹಿಂದೆಯೇ ಕೋಪದಿಂದ ಬಂದ ಸಅದ್ ಬಿನ್ ಮುಆದ್ ಅವರಿಗೂ ಅದೇ ಮಾತು, ಅದೇ ಷರತ್ತು.

ಆ ಷರತ್ತಿನಲ್ಲಿ ‘ಬೇಡ’ ಎನ್ನುವವನಿಗೂ ಜಾಗವಿತ್ತು. ಬೇಡ ಎಂದಿದ್ದರೆ ಮುಸ್ಅಬ್(ರ) ನಿಜವಾಗಿಯೂ ಎದ್ದು ಹೋಗುತ್ತಿದ್ದರು.

ಮುಂದೆ ಹಿಜ್ರಿ 7ರ ಹೊತ್ತಿಗೆ ರಾಜರುಗಳಿಗೆ ಪತ್ರಗಳು ಹೋದವು. ದಿಹ್ಯಾ ಅಲ್ ಕಲ್ಬಿ(ರ) ಅವರ ಕೈಯಲ್ಲಿ ರೋಮ್ ಚಕ್ರವರ್ತಿ ಹಿರಾಕ್ಲಿಯಸ್‌ಗೆ ತಲುಪಿದ ಪತ್ರದಲ್ಲೂ ಇದೇ ಧಾತುವಿನ ಪದ ಬಳಕೆಯಾಗಿದೆ. ಇಷ್ಟೇ ಸಾಕು. ಈ ಪತ್ರಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆಯಲಾಗಿದೆ.

ನಾವು ಕಡಿಮೆ ಮಾತಾಡುವುದು ಅದರ ನಂತರದ ಅಧ್ಯಾಯದ ಬಗ್ಗೆ. ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ‘ದಅ್‌ವತ್’ ಒಂದು ಗುಪ್ತ ರಾಜಕೀಯ ಚಳವಳಿಯ ಹೆಸರಾಯಿತು. ಉಮಯ್ಯಾ ಆಡಳಿತವನ್ನು ಕೆಡವಲು ಹೊರಟ ಅಬ್ಬಾಸೀಯರ ದಾಈಗಳು ಕೂಫಾದಿಂದ ಖುರಾಸಾನ್‌ವರೆಗೆ ವ್ಯಾಪಾರಿಗಳ ವೇಷದಲ್ಲಿ ಓಡಾಡಿದರು. ಪ್ರವಾದಿ ಕುಟುಂಬದ, ಎಲ್ಲರಿಗೂ ಒಪ್ಪಿಗೆಯಾಗುವ ಒಬ್ಬರಿಗಾಗಿ ಎಂದು ಜನರಿಂದ ಪ್ರತಿಜ್ಞೆ ಪಡೆದರು. ಆ ಒಬ್ಬರು ಯಾರು ಎಂಬುದನ್ನು ಮಾತ್ರ ಮುಚ್ಚಿಟ್ಟರು. ಊಟಕ್ಕೆ ಕರೆದು ಮನೆಯ ಯಜಮಾನನ ಹೆಸರು ಹೇಳದಿದ್ದಂತೆ! ಕ್ರಿ.ಶ. 747ರಲ್ಲಿ ಅಬೂ ಮುಸ್ಲಿಮ್ ಖುರಾಸಾನಿ ಮರ್ವ್ ಬಳಿ ಕಪ್ಪು ಧ್ವಜ ಎತ್ತಿದರು. 750ರ ಝಾಬ್ ಯುದ್ಧದಲ್ಲಿ ಉಮಯ್ಯಾ ಸೈನ್ಯ ಸೋತಿತು. ಉಮಯ್ಯಾ ಆಡಳಿತದ ಅನ್ಯಾಯದಿಂದ ಬೇಸತ್ತವರ ನೋವು ಸುಳ್ಳಾಗಿರಲಿಲ್ಲ, ಅದನ್ನೂ ಹೇಳಬೇಕು. ಆದರೆ 755ರಲ್ಲಿ ಖಲೀಫಾ ಮನ್ಸೂರ್ ಅದೇ ಅಬೂ ಮುಸ್ಲಿಮ್‌ರನ್ನು ಭರವಸೆ ಕೊಟ್ಟು ತನ್ನ ಬಳಿಗೆ ಕರೆಸಿಕೊಂಡು ಕೊಲ್ಲಿಸಿದರು. ಖಲೀಫರ ಆ ಕರೆಗೆ ಯಾವ ಪದ ಬಳಸಬೇಕೋ ನಾನರಿಯೆ.

ಬಳಿಕ ಕೈರೋದ ಫಾತಿಮೀ ಆಡಳಿತದಲ್ಲಿ ದಅ್‌ವತ್ ಒಂದು ಇಲಾಖೆಯೇ ಆಯಿತು. ಅದರ ಮುಖ್ಯಸ್ಥನಿಗೆ ‘ದಾಈಗಳ ದಾಈ’ ಎಂಬ ಬಿರುದು. ಆ ಪರಂಪರೆಯ ಬೋಹ್ರಾ ಸಮುದಾಯದಲ್ಲಿ ಇಂದಿಗೂ ಧರ್ಮಗುರುಗಳನ್ನು ‘ದಾಈ’ ಎಂದೇ ಕರೆಯುತ್ತಾರೆ.

ಹೀಗೆ ಕರೆಯುವವರ ಪದವಿ ದೊಡ್ಡದಾಗುತ್ತಾ ಹೋದಂತೆ, ಕರೆಸಿಕೊಳ್ಳುವವನ ಮಾತು ಇತಿಹಾಸದ ಪುಟಗಳಲ್ಲಿ ಕೇಳದಾಯಿತು. ಇಂದು ಮೊಬೈಲಿನಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದ ವೀಡಿಯೋಗಳನ್ನು ದಅ್‌ವತ್ ಎಂಬ ಹೆಸರಿನಲ್ಲಿ ಹಂಚುವಾಗ, ಅದು ದಾವೆಯೋ ದಅ್‌ವತೋ ಎಂದು ನಮ್ಮ ಮಕ್ಕಳು ಕೇಳಿದರೆ ಉತ್ತರಿಸುವುದು ಕಷ್ಟ. ಪ್ರವಾದಿವರ್ಯರು(ಸ) ಜನರನ್ನು ಕರೆದವರು ಮಾತ್ರವಲ್ಲ, ಜನರ ಕರೆಗೆ ಹೋದವರೂ ಹೌದು. ಆಡಿನ ಕಾಲಿನ ಊಟಕ್ಕೆ ಕರೆದರೂ ಹೋಗುವೆನೆಂದು ಹೇಳಿದ್ದರು. ಮದೀನಾದ ಒಬ್ಬ ದರ್ಜಿ ಅವರನ್ನು ಊಟಕ್ಕೆ ಕರೆದದ್ದು ಬುಖಾರಿಯ ವರದಿಯಲ್ಲಿದೆ. ಜವೆಗೋಧಿಯ ರೊಟ್ಟಿ, ಸೋರೆಕಾಯಿ ಮತ್ತು ಒಣಮಾಂಸದ ಸಾರು. ಜೊತೆಗೆ ಹೋಗಿದ್ದ ಅನಸ್(ರ), ಪ್ರವಾದಿವರ್ಯರು(ಸ) ತಟ್ಟೆಯ ಸುತ್ತ ಸೋರೆಕಾಯಿಯ ಹೋಳುಗಳನ್ನೇ ಹುಡುಕಿ ತಿನ್ನುವುದನ್ನು ಕಂಡರು. ಅಂದಿನಿಂದ ಅವರಿಗೂ ಸೋರೆಕಾಯಿ ಎಂದರೆ ಪ್ರೀತಿ.