ಕಂಬದ ಬುಡ

ಹಳೆಯ ಕಟ್ಟಡಗಳನ್ನು ಉಳಿಸಬೇಕೆಂದು ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ, ಸಂತೋಷದ ಮಾತು. ಆದರೆ ಉಳಿಸಬಲ್ಲ ಕೈ ಎಲ್ಲಿ ತಯಾರಾಗಬೇಕು ಎಂದು ಕೇಳುವವರು ಅಷ್ಟು ಮಂದಿಯಿಲ್ಲ. ನಾನೂ ಕೇಳಿದವನಲ್ಲ. ನನ್ನದೇ ಮನೆಯ ಕಂಬವೊಂದು ಕೆಟ್ಟಮೇಲೆ ಕೇಳತೊಡಗಿದೆ.

ವೈಟ್‌ಫೀಲ್ಡಿನಿಂದ ಹೊಸಕೋಟೆಯ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ನಮ್ಮ ಅಜ್ಜ ಕಟ್ಟಿಸಿದ ತೊಟ್ಟಿಮನೆಯಿದೆ. ವೈಟ್‌ಫೀಲ್ಡ್ ಎಂದರೆ ಇಂದು ಗಾಜಿನ ಕಟ್ಟಡಗಳ ಊರು. ಅದು 1882ರಲ್ಲಿ, ಚಾಮರಾಜ ಒಡೆಯರು ಕೊಟ್ಟ 3,900 ಎಕರೆ ನೆಲದ ಮೇಲೆ, ಡಿ. ಎಸ್. ವೈಟ್ ಎಂಬವರ ಮುಂದಾಳುತನದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿತು ಎಂದರೆ ಅಲ್ಲಿ ದುಡಿಯುವ ಹುಡುಗರು ನಂಬುವುದಿಲ್ಲ. ಇರಲಿ. ಕೆಲವು ವರ್ಷಗಳ ಹಿಂದೆ ನಮ್ಮ ತೊಟ್ಟಿಯ ನಾಲ್ಕು ಕಂಬಗಳಲ್ಲಿ ಒಂದರ ಬುಡಕ್ಕೆ ಗೆದ್ದಲು ಹಿಡಿಯಿತು. ಗುತ್ತಿಗೆದಾರರೊಬ್ಬರು ಬುಡದ ಸುತ್ತ ಮೊಳಕಾಲೆತ್ತರಕ್ಕೆ ಸಿಮೆಂಟಿನ ಎರಕ ಹಾಕಿಸಿಬಿಡೋಣ ಎಂದರು. ನಾನು ಒಪ್ಪಿದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ, ಎರಕದೊಳಗೆ ಸೇರಿದ ತೇವ ಹೊರಹೋಗಲು ದಾರಿಯಿಲ್ಲದೆ ಕಂಬ ಒಳಗೇ ಕೊಳೆತು, ಮೇಲಿನ ತೊಲೆ ಒಂದು ಬೆರಳಿನಷ್ಟು ಕುಸಿದಿತ್ತು.

ಇದರಲ್ಲಿ ನನ್ನ ಅಜ್ಞಾನಕ್ಕೆ ಕ್ಷಮೆಯಿಲ್ಲ. ಬೆಂಗಳೂರಿನ ಕೋಟೆಯ ಬಳಿ, 1781ರಲ್ಲಿ ಹೈದರಾಲಿ ಆರಂಭಿಸಿ 1791ರಲ್ಲಿ ಟಿಪ್ಪು ಮುಗಿಸಿದ ತೇಗದ ಅರಮನೆಗೆ ಎಷ್ಟೋ ಸಲ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೇನೆ. ಕಮಾನುಗಳ ಸೊಗಸನ್ನು ವರ್ಣಿಸಿದ್ದೇನೆ. ಆ ಕಂಬಗಳು ನೆಲವನ್ನು ಮುಟ್ಟದೆ ಕಲ್ಲಿನ ಪೀಠದ ಮೇಲೆ ನಿಂತಿರುವುದನ್ನು ಮಾತ್ರ ಒಮ್ಮೆಯೂ ತೋರಿಸಲಿಲ್ಲ. ಮರದ ಕತ್ತರಿಸಿದ ತುದಿ ನೀರನ್ನು ಬಹು ಬೇಗ ಹೀರುತ್ತದೆ. ಎಳೆಗಳ ಜಾಡು ಹಿಡಿದು ತೇವ ಮೇಲೇರುತ್ತದೆ. ಕಲ್ಲು ಅದನ್ನು ತಡೆಯುತ್ತದೆ. ನಮ್ಮ ಅಜ್ಜನ ಬಡಗಿಗೆ ಇದು ಗೊತ್ತಿತ್ತು. ನಮ್ಮ ಕಂಬಕ್ಕೂ ಕಲ್ಲಿತ್ತು. ಎರಕದಲ್ಲಿ ಅದನ್ನು ಮುಚ್ಚಿಸಿದವನು ನಾನು.

ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದ ಈ ವಿದ್ಯೆಯನ್ನು ಪಾಠವಾಗಿಸುವ ಯತ್ನ ನಮ್ಮಲ್ಲಿ ಆಗದೆ ಇಲ್ಲ. 1897ರಲ್ಲಿ ಮೈಸೂರಿನ ಮರದ ಅರಮನೆ ಮದುವೆಯ ಸಂಭ್ರಮದ ನಡುವೆ ಸುಟ್ಟುಹೋಯಿತು. ಬೆಂಕಿಯ ಭಯದಿಂದ ಹೊಸದನ್ನು ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಕಟ್ಟಿದರು. ಶಿಲ್ಪಿ ಹೆನ್ರಿ ಇರ್ವಿನ್. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಮರ ಬಾಗಿಲು, ಛಾವಣಿಗಳ ಅಲಂಕಾರಕ್ಕೆ ಸರಿಯಿತು. 1912ರಲ್ಲಿ ಅರಮನೆ ಮುಗಿಯಿತು. ಮರುವರ್ಷವೇ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡವನ್ನು ವೈಸರಾಯ್ ಹಾರ್ಡಿಂಜ್ ಉದ್ಘಾಟಿಸಿದರು. ಗಂಧದ ಕೆತ್ತನೆ, ಬೀಟೆಯ ಮೇಲಿನ ಕುಸುರಿಗಳಿಗೆ ಅದು ಮನೆಯಾಯಿತು. ಒಳ್ಳೆಯದೇ. ಆದರೆ ಭಾರ ಹೊರುವ ತೊಲೆಯ ವಿದ್ಯೆಗೂ ಅಲಂಕಾರದ ವಿದ್ಯೆಗೂ ನಡುವೆ ಗೆರೆ ಬಿದ್ದುದು ಅಲ್ಲಿಂದಲೇ ಇರಬೇಕೆಂದು ನನ್ನ ಊಹೆ.

ಆಮೇಲೆ ಬಂದದ್ದು ಪೀಣ್ಯದ ಯುಗ. ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಉದ್ಯಮಕ್ಕೆಂದೇ ಸಂಶೋಧನೆ ಮತ್ತು ತರಬೇತಿಯ ಸಂಸ್ಥೆಯೊಂದು ಬೆಳೆಯಿತು. ದಿಮ್ಮಿಯನ್ನು ತೆಳುವಾದ ಹಾಳೆಗಳಾಗಿ ಸುಲಿದು, ಒಂದರ ಎಳೆಗೆ ಅಡ್ಡವಾಗಿ ಇನ್ನೊಂದರ ಎಳೆ ಬರುವಂತೆ ಅಂಟಿಸುವುದೇ ಪ್ಲೈವುಡ್. ಹಾಗಾಗಿ ಅದು ಅಷ್ಟಾಗಿ ಉಬ್ಬದು, ಕುಗ್ಗದು. ನಾನು ಅದನ್ನು ಹಳಿಯುತ್ತಿಲ್ಲ. ನನ್ನ ಪುಸ್ತಕಗಳು ನಿಂತಿರುವುದೇ ಅದರ ಮೇಲೆ. ಆದರೆ ಎಳೆ ಯಾವ ಕಡೆಗಿದೆ, ಈ ಮರ ಮಳೆಗಾಲದಲ್ಲಿ ಎಷ್ಟು ಹಿಗ್ಗೀತು ಎಂಬ ಪ್ರಶ್ನೆಯನ್ನೇ ಪ್ಲೈವುಡ್ ಅಳಿಸಿಬಿಡುತ್ತದೆ. ಹಳೆಯ ಕಟ್ಟಡ ಮೊದಲು ಕೇಳುವುದೇ ಆ ಪ್ರಶ್ನೆಯನ್ನು. ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿ ಯಂತ್ರದ ಮರಗೆಲಸವನ್ನು ಕಲಿಸುತ್ತಾರೆ. ಮರದ ತುಂಡು ಒಯ್ದರೆ ಅದರ ಜಾತಿಯನ್ನೂ ಹೇಳುತ್ತಾರೆ. ಈ ಎರಡು ವಿದ್ಯೆಗಳೂ ಒಂದೇ ಹುಡುಗನಲ್ಲಿ ಸೇರಬೇಕು.

ಸೇರಿಸುವ ದಾರಿಯನ್ನು ಮಣಿಪಾಲದಲ್ಲಿ ಬ್ಯಾಂಕಿನ ಉದ್ಯೋಗಿಯೊಬ್ಬರು ಕಂಡುಕೊಂಡರು. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ, ಕೆಡವಿದ ಮನೆಗಳ ಬಾಗಿಲು, ಕಂಬಗಳನ್ನು ಕೂಡಿಸಿ ಮೊದಲು ತಮ್ಮ ಮನೆ ಕಟ್ಟಿಕೊಂಡರು. ಆಮೇಲೆ ಕುಂಜೂರಿನ ಚೌಕಿಮನೆಯಂಥ ಇಡೀ ಕಟ್ಟಡಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಹೀಗೆ ಬಿಚ್ಚುವ ಬಡಗಿಗೆ ಗುರು ಬೇರೆ ಬೇಕಿಲ್ಲ. ಬೆಣೆಯನ್ನು ಯಾವ ಕಡೆಯಿಂದ ಬಡಿದಿದ್ದರು, ಬೋದಿಗೆಯ ತೂತನ್ನು ಏಕೆ ತುಸು ಸಡಿಲ ಬಿಟ್ಟಿದ್ದರು ಎಂಬುದನ್ನು ಸತ್ತುಹೋದ ಬಡಗಿಯೇ ಅಲ್ಲಿ ಹೇಳಿಕೊಡುತ್ತಾನೆ.

ಫ್ರಾನ್ಸಿನ ಗೆದೆಲೋನ್ ಎಂಬಲ್ಲಿ 1997ರಿಂದ ಹದಿಮೂರನೆಯ ಶತಮಾನದ ಮಾದರಿಯ ಕೋಟೆಯೊಂದನ್ನು ಆ ಕಾಲದ ಉಪಕರಣಗಳಿಂದಲೇ ಕಟ್ಟುತ್ತಿದ್ದಾರೆ. ಹುಚ್ಚು ಎಂದು ನಕ್ಕವರೂ ಇದ್ದಿರಬಹುದು. 2019ರ ಏಪ್ರಿಲಿನಲ್ಲಿ ಪ್ಯಾರಿಸಿನ ನೋತ್ರ ದಾಮ್ ಇಗರ್ಜಿಯ ಛಾವಣಿ ಸುಟ್ಟಾಗ, ಹಸಿ ಓಕ್ ಮರವನ್ನು ಕೊಡಲಿಯಿಂದ ಕೆತ್ತಿ ತೊಲೆ ಮಾಡಬಲ್ಲವರು ಬೇಕಾದರು. ಗೆದೆಲೋನಿನಲ್ಲಿ ಪಳಗಿದ ಬಡಗಿಗಳು ಸಿದ್ಧರಿದ್ದರು. 2024ರ ಡಿಸೆಂಬರಿನಲ್ಲಿ ಇಗರ್ಜಿ ಮತ್ತೆ ತೆರೆಯಿತು.

ನನ್ನ ಕಂಬಕ್ಕೆ ಕೊನೆಗೆ ಸಿಕ್ಕವರು ಮಾಲೂರಿನ ಕಡೆಯ ವೃದ್ಧ ಆಚಾರಿ. ಜೊತೆಗೆ ಪೀಣ್ಯದ ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿಯುವ ಅವರ ಅಕ್ಕನ ಮಗ, ರಜೆ ಹಾಕಿ ಬಂದಿದ್ದ. ಎರಕ ಒಡೆದು ನೋಡಿ ಆಚಾರಿ, “ಮೇಷ್ಟ್ರೇ, ಉಸಿರು ಕಟ್ಟಿಸಿಬಿಟ್ಟಿದ್ದೀರಲ್ಲ” ಎಂದರು. ತೊಲೆಗೆ ಆಸರೆ ಕೊಟ್ಟು, ಕೊಳೆತ ಭಾಗವನ್ನು ಕೊಯ್ದು ತೆಗೆದು, ಗಟ್ಟಿ ಉಳಿದ ಕಡೆಯ ಚೇಗಿನ ಚೂರೊಂದನ್ನು ಹುಡುಗನ ಕೈಗಿಟ್ಟರು.

“ಯಾವ ಮರ ಹೇಳಪ್ಪ.”

“ತೇಗ ಅಲ್ವಾ, ಮಾವ?”

ಆಚಾರಿ ಉತ್ತರ ಕೊಡಲಿಲ್ಲ. ಚೂರನ್ನು ನೀರಿನ ಲೋಟಕ್ಕೆ ಹಾಕಿಸಿ ಮಲಗಲು ಹೋದರು. ಬೆಳಿಗ್ಗೆ ನೀರು ಚಹದ ಬಣ್ಣಕ್ಕೆ ತಿರುಗಿತ್ತು. ಹುಡುಗ ಲೋಟವನ್ನು ತೊಟ್ಟಿಯ ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ನೀಲಿಯ ಮಿಂಚೊಂದು ಆಡಿತು. ಅದು ಹೊನ್ನೆ. ಅವನು ಎರಡು ಸಲ ಲೋಟವನ್ನು ತಿರುಗಿಸಿ ನೋಡಿ, ಫೋನು ತೆಗೆದು, ಹಳೆ ಮನೆ ಕೆಡವಿದ ಮರ ಮಾರುವವರ ಬಳಿ ಹೊನ್ನೆಯ ತೊಲೆಯಿದೆಯೇ ಎಂದು ವಿಚಾರಿಸತೊಡಗಿದ.